ಅತ್ತೆಯ ಕೆಮ್ಮು

ಮಾರ್ಚ್ 3
ಇವರಿಗೆ ಆರ್ಮಿ ಕ್ವಾರ್ಟರ್ಸ್ ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಎರಡು ರೂಮು, ಕಿಚನ್‌ಗೆ ಕಿಟಕಿಯೂ ಇದೆಯಂತೆ. ಫೋನ್‌ನಲ್ಲಿ ಇವರೇ ಹೇಳಿದರು, ಹವಾಮಾನ ವರದಿ ಓದುವ ದನಿಯಲ್ಲಿ. ಬಾ ಎಂದು ಮಾತ್ರ ಹೇಳಲಿಲ್ಲ. ಪರವಾಗಿಲ್ಲ. ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಂತುಬಿಡುತ್ತೇನೆ — ಸರ್‌ಪ್ರೈಸ್. ಆ ಮುಖ ನೋಡಿ ಎಷ್ಟು ದಿನವಾಯಿತು...

ಅತ್ತೆಗೆ ಇವತ್ತೂ ಕೆಮ್ಮು. ಯಾವ ರೂಮಿಗೆ ಬಂದರೂ ಕೆಮ್ಮುತ್ತಲೇ ಬರುತ್ತಾರೆ. ಸಿರಪ್ ತಂದುಕೊಟ್ಟೆ. ಮುಟ್ಟಲಿಲ್ಲ.

ಮಾರ್ಚ್ 4
ಇವರ ದಿಂಬು ತಬ್ಬಿಕೊಂಡೇ ಮಲಗುತ್ತೇನೆ. ವಾಸನೆ ಹೋಗಿಬಿಟ್ಟಿದೆ. ಆದರೂ.

ಸಂಜೆ ಫೋನ್. "ರೀ, ಕರ್ಟನ್ ಯಾವ ಬಣ್ಣ ತರಲಿ?"

"ನೀನು ಅಲ್ಲೇ ಇರು. ನಂಗೆ ಇನ್ನೂ ನಿದ್ದೆ ಸರಿಯಿಲ್ಲ. ಕೈ ಹೇಗಿದೆ?"

ಕೈ ವಾಸಿಯಾಗಿ ಎಷ್ಟೋ ಕಾಲವಾಯಿತು. ಆಗ ಇವರು ಯುದ್ಧ ಮುಗಿಸಿ ರಜೆಗೆ ಬಂದಿದ್ದರು. ಹಿಂದಿನಿಂದ ಹೋಗಿ ಕಣ್ಣು ಮುಚ್ಚಿದೆ, ತಮಾಷೆಗೆ. ಮರುಕ್ಷಣ ನಾನು ನೆಲದ ಮೇಲೆ, ನನ್ನ ಮಣಿಕಟ್ಟು ಇವರ ಮೊಣಕಾಲಡಿ. ಯಾರೆಂದು ಗೊತ್ತಾದ ಮೇಲೆ ನಡುಗಿದ್ದು ಇವರೇ. ರಜೆ ಮುಗಿಯುವ ಮೊದಲೇ ಹೊರಟುಹೋದರು. ಈಗ ಅಲ್ಲಿ ಡಾಕ್ಟರ್, ಮಾತ್ರೆ...

"ಮತ್ತೆ ಹಾಗೇ ಆದ್ರೆ?" ಅಂದು ಫೋನ್ ಇಟ್ಟರು.

ಮಾರ್ಚ್ 9, ಮಧ್ಯಾಹ್ನ
ಬರೆಯುವ ಮನಸ್ಸೇ ಇರಲಿಲ್ಲ. ಇವರು ನನ್ನ ಫೋನ್ ಎತ್ತುತ್ತಿಲ್ಲ. ಹೋಗಿಯೇಬಿಡೋಣ ಎಂದು ಬ್ಯಾಗ್ ತುಂಬುತ್ತಿದ್ದೆ. ಬಾಗಿಲಾಚೆ ಕೆಮ್ಮು. ಅತ್ತೆ.

"ಅವನಿಗೆ ಹೇಳಿದೀಯಾ?"

"ಇಲ್ಲ ಅತ್ತೆ. ಸರ್‌ಪ್ರೈಸ್."

"ಒಂದು ಸಲ ಕೊಟ್ಟಿದ್ದು ಸಾಲದೇನೇ ಹುಚ್ಚಿ?" ಮಂಚದ ಮೇಲೆ ಕೂತರು. "ನಿಮ್ಮ ಮಾವನೂ ಯುದ್ಧದಿಂದ ಹೀಗೇ ಬಂದ್ರು. ಕಾಫಿ ಕೊಡೋಕೆ ಹೋದ್ರೂ ದೂರದಿಂದ್ಲೇ ಕೆಮ್ತಿದ್ದೆ. ಬರ್ತಿರೋದು ನಾನು ಅಂತ ಗೊತ್ತಾಗ್ಲಿ ಅಂತ. ಅವರು ಹೋದ್ರು. ಕೆಮ್ಮು ಉಳೀತು."

"ಮತ್ತೆ ಸಿರಪ್?"

"ನೀನೇ ಕುಡಿ."

ನಗುವೂ ಬಂತು, ಅಳುವೂ. "ಅಷ್ಟು ಮಾಡಿದ್ರೆ ಸಾಕಾ ಅತ್ತೆ?"

"ಸಾಕಾಗಲ್ಲ. ಡಾಕ್ಟರೂ ಬೇಕು. ನಮ್ಮ ಕಾಲದಲ್ಲಿ ಕೆಮ್ಮು ಮಾತ್ರ ಇತ್ತು."

ಸಂಜೆ
ಅತ್ತೆಯ ಫೋನಿನಿಂದ ಮಾಡಿದೆ. ಎತ್ತಿದರು. ನಾನು ಮಾತಾಡಲಿಲ್ಲ. ಕೆಮ್ಮಿದೆ, ಥೇಟ್ ಅತ್ತೆಯ ಹಾಗೆ.

ನಾನೇ ಎಂದು ಗುರುತು ಹಿಡಿದುಬಿಟ್ಟರು. "ಅಮ್ಮ ಕಲಿಸಿದ್ದಾ?" ನಕ್ಕರು. ಸಣ್ಣ ನಗು, ಆದರೂ ನಗುವೇ. ಈ ನಗುವಿಗೇ ಕಾಯುತ್ತಿದ್ದೆನಲ್ಲ...

"ಬಾ. ಯಾವ ರೈಲು, ಯಾವ ಬೋಗಿ, ಎಲ್ಲಾ ಸರಿಯಾಗಿ ಹೇಳು," ಅಂದರು. "ಪ್ಲಾಟ್‌ಫಾರ್ಮ್‌ನಲ್ಲಿ ಎದುರಿಗೇ ನಿಂತಿರ್ತೀನಿ."

ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಹಳದಿ ಬ್ಯಾಗ್. ಇಳಿಯುವ ಮೊದಲೇ ಕೆಮ್ಮು. ಶುಕ್ರವಾರ, ಬೆಳಗಿನ ಪ್ಯಾಸೆಂಜರ್, ಇಂಜಿನ್ ಪಕ್ಕದ ಬೋಗಿ.