ಬೆಟ್ಟವಾಗಿದ್ದ ನಮ್ಮ ಬೀದಿ

ಮೂರನೆಯ ಮಹಡಿ, ಅಡುಗೆಮನೆಯ ಮೇಜು
ಶನಿವಾರ ಸಂಜೆ

ಅಮ್ಮಾ, ನನ್ನ ಮುದ್ದಿನ ಅಮ್ಮಾ,

ಮಂಡಿ ಹೇಗಿದೆ? ಊತ ಪೂರ್ತಿ ಇಳಿಯಿತೆಂದು ತಮ್ಮ ಫೋನಿನಲ್ಲಿ ಹೇಳಿದ. ಅವನ ಮಾತಿನಲ್ಲಿ ಅರ್ಧ ನಂಬಿದ್ದೇನೆ, ಉಳಿದರ್ಧ ನೀನೇ ಹೇಳಬೇಕು. ಎಣ್ಣೆ ಹಚ್ಚಿಕೊಳ್ಳಲು ಸೋಮಾರಿತನ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಎಂದರೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ನೀರು ಸರಬರಾಜು ಕಚೇರಿಯವರು ಊರಿನ ಕೊಳವೆಗಳ ವಿವರವನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕಿದ್ದಾರೆ, ಅದನ್ನಿಟ್ಟುಕೊಂಡು ನಾನೂ ನಮ್ಮ ಕಾಲೇಜಿನ ಭೂಗೋಳದ ಮೇಡಮ್ಮೂ ಕಂಪ್ಯೂಟರಿನೊಳಗೆ ಊರಿನ ನೀರನ್ನು ಹರಿಸಿ ನೋಡುತ್ತಿದ್ದೇವೆ ಎಂದಾಗ, ನೀನು ಏದುಸಿರಿನಲ್ಲೇ ಬಕೆಟ್ಟು ಕೆಳಗಿಟ್ಟು, "ಕಂಪ್ಯೂಟರ್‌ನಲ್ಲಿ ನೀರು ಬಂದ್ರೆ ಬಟ್ಟೆ ಒಗೆಯೋಕಾಗುತ್ತೇನೇ?" ಎಂದಿದ್ದೆ. ಮರುವಾರವೇ ಅದೇ ಬಕೆಟ್ಟು ಹಿಡಿದು ಮೆಟ್ಟಿಲಲ್ಲಿ ಜಾರಿದೆ. ತಮ್ಮನ ಮನೆಗೆ ಹೊರಟಾಗ ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಬರೀ ಕೈಯಾದ್ರೆ ನಾಲ್ಕು ಮಹಡಿ ಬೇಕಾದ್ರೂ ಹತ್ತುತ್ತೀನಿ. ಮೇಲಿನ ನಲ್ಲೀಲಿ ನೀರು ಬಂದ ದಿನ ಬರ್ತೀನಿ."

ನಮ್ಮ ಕಂಪ್ಯೂಟರ್ ಮಾದರಿಯಲ್ಲೂ ನೀರು ಬರಲಿಲ್ಲ, ಅಮ್ಮಾ. ಕಚೇರಿಯವರು ಹಾಡುತ್ತಿದ್ದ ಹಳೆಯ ರಾಗವನ್ನೇ ಅದೂ ಹಾಡಿತು: ನಿಮ್ಮ ಬೀದಿ ಎತ್ತರದಲ್ಲಿದೆ. ನಾನು ಕೈಚೆಲ್ಲಿ ಕೂತಿದ್ದೆ. ಆದರೆ ಅದರ ಪ್ರಕಾರ ಕೆಳಗಿನ ದರ್ಜಿಯ ಅಂಗಡಿಗೂ ಹನಿ ನೀರು ಬರಬಾರದು. ಅವನೋ ದಿನಾ ಬೆಳಿಗ್ಗೆ ಸ್ಕೂಟರಿಗೆ ಎಮ್ಮೆಗೆ ಮಾಡಿಸುವ ಹಾಗೆ ಸ್ನಾನ ಮಾಡಿಸುತ್ತಾನೆ! ಹುಡುಕಿದರೆ ತಪ್ಪು ನಮ್ಮದೇ. ಎತ್ತರಕ್ಕೆಂದು ತೆಗೆದುಕೊಂಡ ನಕ್ಷೆ ಆಕಾಶದಿಂದ ಅಳೆದದ್ದು. ಅದು ಅಳೆದಿದ್ದು ನೆಲವನ್ನಲ್ಲ, ತಾರಸಿಗಳನ್ನು. ನಮ್ಮ ಬೀದಿಯನ್ನು ನಾವೇ ಎತ್ತಿ ಬೆಟ್ಟದ ಮೇಲೆ ಕೂರಿಸಿದ್ದೆವು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಬೆಟ್ಟದಿಂದ ಇಳೀರಿ ತಾಯಿ" ಎಂದರು. ಚರಂಡಿ ವಿಭಾಗದವರು ಅಂತರ್ಜಾಲದಲ್ಲಿ ಹಾಕಿದ್ದ, ಬೀದಿಯ ನೆಲಕ್ಕೆ ಸಮನಾದ ಮ್ಯಾನ್‌ಹೋಲ್ ಮುಚ್ಚಳಗಳ ಎತ್ತರ ಸೇರಿಸಿ ಮತ್ತೆ ಓಡಿಸಿದೆವು. ನೀಲಿ ಗೆರೆ ತೆವಳುತ್ತಾ ಬಂದು ನಮ್ಮ ಅಡುಗೆಮನೆಯನ್ನು ಮುಟ್ಟಿತು! ಒಳ್ಳೆಯ ಪದ್ಯದ ಕೊನೆಯ ಸಾಲು ಓದಿದಾಗ ಆಗುವ ಹಾಗೆ ಮೈ ಜುಮ್ಮೆಂದಿತು.

ಹಾಗಾದರೆ ನಿಜದ ನೀರಿಗೆ ಏನು ಅಡ್ಡಿ? ಮಾದರಿಯಲ್ಲಿ ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋದೆವು. ನಾಲ್ಕು ರಸ್ತೆ ಸೇರುವಲ್ಲಿಯದನ್ನು ಮುಕ್ಕಾಲು ಮುಚ್ಚಿದಾಗ, ದರ್ಜಿಗೆ ನೀರುಂಟು, ನಮಗಿಲ್ಲ: ಥೇಟ್ ನಮ್ಮ ಬೆಳಗು. "ಅದು ತೆರೆದೇ ಇದೆ ಮೇಡಂ, ನಮ್ಮ ಮಾಹಿತೀಲೇ ಇದೆಯಲ್ಲ" ಎಂದಳು ಕಚೇರಿಯ ಎಂಜಿನಿಯರ್. ಆದರೂ ನಿನ್ನೆ ಅಗೆಸಿದಳು. ಯಾವಾಗಲೋ ರಿಪೇರಿಗೆಂದು ತಿರುಗಿಸಿದವರು ಪೂರ್ತಿ ತೆರೆಯದೆ ಬಿಟ್ಟಿದ್ದಾರೆ, ಮೇಲೆ ಡಾಂಬರು ಬಿದ್ದಿದೆ.

ನಾಳೆ ಬೆಳಿಗ್ಗೆ ತೆರೆಯುತ್ತಾರೆ. ನಾಳೆಯೇ ನಿನ್ನ ಮಂಚ ಒಯ್ಯಲು ತಮ್ಮನ ವ್ಯಾನೂ ಬರುತ್ತದೆ. "ಅಮ್ಮ ಇನ್ಮೇಲೆ ಇಲ್ಲೇ ಇರ್ಲಿ ಬಿಡಕ್ಕಾ" ಎನ್ನುತ್ತಾನೆ. ಯಾವುದು ಮೊದಲು ಬರುವುದೋ! ಲೆಕ್ಕ ಮತ್ತೆ ತಪ್ಪಿದ್ದರೆ ಮಂಚ ಕೊಟ್ಟು ಕಳಿಸುವುದಲ್ಲದೆ ನನಗೆ ಬೇರೆ ದಾರಿಯಿಲ್ಲ. ಖಾಲಿ ಕೋಣೆಯ ಬಾಗಿಲನ್ನು ಮಾತ್ರ ನನ್ನ ಕೈಯಿಂದ ಹಾಕಲಾಗದು.

ತಮ್ಮನ ಹೆಂಡತಿಗೆ ನನ್ನ ಅಕ್ಕರೆ ತಿಳಿಸು. ನಿನ್ನನ್ನು ಹೂವಿನಂತೆ ನೋಡಿಕೊಂಡಿದ್ದಾಳೆ.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಭಾನುವಾರ, ಅವಸರದಲ್ಲಿ. ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು ಉಗುಳಿತು, ಈಗ ತಿಳಿಯಾಗಿ ಸುರಿಯುತ್ತಿದೆ! ಮಂಚಕ್ಕೆಂದು ಬಂದ ಡ್ರೈವರ್ ಅದರಲ್ಲೇ ಮುಖ ತೊಳೆದುಕೊಂಡ. ಮಂಚ ಕೊಡುವುದಿಲ್ಲ. ಖಾಲಿ ವ್ಯಾನಿನಲ್ಲಿ ಈ ಪತ್ರ ಬರುತ್ತಿದೆ, ಅದನ್ನೇ ಮತ್ತೆ ಇತ್ತ ಕಳಿಸಲು ತಮ್ಮನಿಗೆ ಹೇಳಿ ಮುಂದಿನ ಸೀಟಿನಲ್ಲಿ ನೀನು ಬಾ. ಅಲ್ಲಿ ಬಟ್ಟೆ ಒಗೆಯಬೇಡ, ಹಾಗೇ ಗಂಟು ಕಟ್ಟಿಕೊಂಡು ಬಾ.