ಮಗಳ ತುಟಿ ಸೀಳಿದ್ದು ಯಾರು

ಮಂಗಳವಾರ, ೧೧ ನವೆಂಬರ್ ೨೦೨೫, ಚಳ್ಳಕೆರೆ

ನಮ್ಮ ಮಗಳು ಸೀಳುತುಟಿಯೊಂದಿಗೆ ಹುಟ್ಟಿದಳು. ನಾನು ಬಸುರಿಯಾಗಿದ್ದಾಗ ಹಲ್ಲು ಕೀಳಲು ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ನೇ ಅದಕ್ಕೆ ಕಾರಣವೆಂದು ನನ್ನ ಗಂಡ ಮುಬಷೀರ್ ಇವತ್ತು ಹಲ್ಲಿನ ಡಾಕ್ಟರ್ ಸ್ವಪ್ನ ಅವರ ಕ್ಲಿನಿಕ್ಕಿಗೆ ನುಗ್ಗಿ, ಸ್ಪ್ಯಾನರಿನಿಂದ ಅವರ ಹಣೆ ಒಡೆದರು.

“ನನ್ನ ಮಗಳ ತುಟಿ ಸೀಳಿದ್ದು ನೀನೇ!”

“ಸೂಜಿ ಹಾಕಿದ್ದು ಆರನೇ ತಿಂಗಳಲ್ಲಿ ಕಣ್ರೀ. ತುಟಿ ಎರಡನೇ ತಿಂಗಳಿಗೇ ಮೂಡಿರ್ತೈತೆ,” ಎಂದರು ಡಾಕ್ಟರ್, ರಕ್ತ ಒರೆಸಿಕೊಳ್ಳುತ್ತ.

ಮುಬಷೀರ್ ಮತ್ತೆ ಸ್ಪ್ಯಾನರ್ ಎತ್ತಿದರು. ಹಿಂದೆಯೇ ಓಡಿ ಬಂದಿದ್ದ ನಾನು ಅಡ್ಡ ಹೋದೆ. “ನಿಮ್ ತಂಗಿ ತುಟೀನೂ ಹಿಂಗೇ ಇತ್ತಲ್ಲ, ಅವಳಿಗೆ ಯಾವ ಸೂಜಿ ಹಾಕಿದ್ರು?”

ಏಟು ನನ್ನ ಭುಜಕ್ಕೆ ಬಿತ್ತು.

ಪೊಲೀಸರು ಬಂದು ಮುಬಷೀರ್ ಅವರನ್ನು ಎಳೆದೊಯ್ದರು. ಭುಜದ ಏಟಿನ ಬಗ್ಗೆ ಯಾರಾದರೂ ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳು ಎನ್ನುತ್ತಿದ್ದಾರೆ ಅತ್ತೆ. ಇಲ್ಲ. ನಾಳೆ ಒಂದೇ ಕೈಯಲ್ಲಾದರೂ ಮಗಳನ್ನು ಎತ್ತಿಕೊಂಡು ಠಾಣೆಗೆ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.