ಪೆನ್‌ಡ್ರೈವಿನಲ್ಲಿ ಹಿಡಿಯದ ಕುಬಸ

ಯಲಬುರ್ಗಾ
9-2-2020

ಪ್ರೀತಿಯ ಮಗಳು ನೇತ್ರಾವತಿಗೆ,

ನಿನ್ನ ಸೊಂಟನೋವು ಈಗ ಹೇಗಿದೆ? ಅಳಿಯಂದಿರು, ಕೂಸು ದೀಪಿಕಾ ಆರಾಮ ಇದ್ದಾರೆಂದು ನಂಬಿದ್ದೇನೆ. ಗಂಗಾವತಿಯ ನೀರಿಗೆ ಕೂಸಿನ ನೆಗಡಿ ಹೆಚ್ಚಾಗುತ್ತದೆ, ಕಾಯಿಸಿ ಆರಿಸಿಯೇ ಕುಡಿಸು. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅವ್ವ ತೀರಿಕೊಂಡ ಮೇಲೆ ಅಡುಗೆ ನನ್ನದೇ ಆಗಿದೆ, ಉಪ್ಪಿನ ಅಂದಾಜು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ನಿನ್ನೆ ಫೋನಿನಲ್ಲಿ ಮಾತಾಡಿಯೂ ಇವತ್ತು ಕಾಗದವೇಕೆಂದು ನಗಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನೀನು ಕಾಲೇಜಿನಲ್ಲಿದ್ದಾಗ ಕೊಂಡ ಆ ಅಗ್ಗದ ಲ್ಯಾಪ್‌ಟಾಪ್ ಚಾಲೂ ಆಗುವಷ್ಟರಲ್ಲಿ ನಾನು ಸ್ನಾನ ಮುಗಿಸಿ ಬರುತ್ತಿದ್ದೆ. ಭಾಗ್ಯನಗರದ ರಿಪೇರಿ ಅಂಗಡಿಯ ಉಮರಸಾಬ, "ಯಂತ್ರ ಛಲೋ ಐತ್ರಿ ಸರ್, ಒಳಗಿನ ಸಿಸ್ಟಮ್ ಹಳೇದಾಗೇತಿ. ಲಿನಕ್ಸ್ ಹಾಕ್ರಿ, ಪುಕಟ ಐತಿ" ಎಂದು ಹೊಸ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಕೊಟ್ಟ. "ಬೇಕಾದ್ದು ಮೊದಲ ಬ್ಯಾರೆ ಕಡೆ ತಗೊಳ್ರಿ, ಉಳಿದದ್ದು ಅಳಿಸಿ ಹೋಗ್ತೈತಿ" ಎಂದೂ ಹೇಳಿದ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಹೊಡೆದವನಿಗೆ ಇದೇನು ಮಹಾ ಎಂದುಕೊಂಡೆ. ಹಾಕಿದೆ, ವೈಫೈ ಹತ್ತಲಿಲ್ಲ. ಮತ್ತೆ ಹಾಕಿದೆ, ವೈಫೈ ಹತ್ತಿತು, ಸದ್ದು ಹೋಯಿತು. ಮೂರನೇ ಸಲ ಅರ್ಧಕ್ಕೇ ನಿಂತು ಕಪ್ಪು ಪರದೆಯ ಮೇಲೆ ಸಣ್ಣ ಬಿಳಿ ಗೆರೆಯೊಂದು ಮಿಣುಕುತ್ತ ಕುಳಿತಿತು. ನನ್ನ ಹಠ ನಿನಗೆ ಗೊತ್ತಿದ್ದದ್ದೇ, ನಾಲ್ಕನೇ ಸಲ ಎಲ್ಲ ಅಳಿಸಿ ಹಾಕಿದೆ. ಈಗ ಚೆನ್ನಾಗಿ ನಡೆಯುತ್ತದೆ. ನಡೆದರೇನು ಬಂತು?

ನೇತ್ರಾ, ನಿನ್ನೆ ನೀನು, "ಅಪ್ಪಾ, ನನ್ನ ಕುಬಸದ ವಿಡಿಯೋ ಕಳಸು. ಹೆಂಗಸರೆಲ್ಲಾ ಗಂಟುಬಿದ್ದು ಅವ್ವನ ಬಾಯಿಲೆ ಗಂಡನ ಹೆಸರ ಕಟ್ಟಿ ಹಾಡೂ ಒಡಪು ಹೇಳಿಸ್ಯಾರ, ಅದ್ರಾಗ ನಿನ್ನ ಹೆಸರ ಹೇಳ್ಯಾಳ" ಎಂದೆ. ಕಳಿಸುತ್ತೇನೆ ಎಂದೆನಲ್ಲ, ಅದು ಸುಳ್ಳು. ಆ ವಿಡಿಯೋ ಈಗ ಇಲ್ಲ. ನನ್ನ ಪೆನ್‌ಡ್ರೈವ್ ಸಣ್ಣದು. ಪಿಂಚಣಿ ಕಾಗದ, ಹೊಲದ ಪಹಣಿ, ನಿನ್ನ ಅಂಕಪಟ್ಟಿ, ಇಟಗಿ ಗುಡಿಯ ಮುಂದೆ ನಾನೊಬ್ಬನೇ ಸೆಟೆದು ನಿಂತ ಫೋಟೋಗಳು, ಇಷ್ಟನ್ನೂ ತುಂಬಿಕೊಂಡೆ. ಕುಬಸದ ಫೋಲ್ಡರಿಗೆ ಜಾಗ ಸಾಲಲಿಲ್ಲ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಹೆಂಗಸರ ಕಾರ್ಯ, ಗಂಡಸು ನೋಡುವಂಥದ್ದೇನಿರುತ್ತದೆ ಎಂದು ತೆರೆಯದೆಯೇ ಬಿಟ್ಟೆ. ಆ ದಿನವೂ ನಾನು ಹೊರಗೆ ಪೆಂಡಾಲಿನಲ್ಲಿ ಗಂಡಸರಿಗೆ ಎಲೆ ಅಡಿಕೆ ಕೊಡುತ್ತ ಕುಳಿತಿದ್ದೆ. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೇ ಉಮರಸಾಬನ ಬಳಿ ಓಡಿದೆ. ಅವನು ಅರ್ಧ ದಿನ ಹುಡುಕಿ, "ಒಂದ ಸಲ ಆಗಿದ್ರ ಏನರ ಸಿಗತಿತ್ತರಿ. ನಾಕ ಸಲ ಅದರ ಮ್ಯಾಲ ಹಾಕೀರಿ" ಎಂದ. ವಿಡಿಯೋ ತೆಗೆದ ನಿನ್ನ ಚಿಗವ್ವನ ಫೋನು ಬಸ್ಸಿನಲ್ಲಿ ಕಳೆದು ವರ್ಷವಾಯಿತು. ನಿನ್ನ ಅವ್ವನ ಧ್ವನಿಯನ್ನು ನಾನೇ ಕೈಯಾರೆ ಅಳಿಸಿದೆ ಮಗಳೇ. ಬೈಯುವುದಿದ್ದರೆ ಮನಸಾರೆ ಬೈದುಬಿಡು, ಸುಮ್ಮನೆ ಮಾತ್ರ ಇರಬೇಡ.

ಅಳಿಯಂದಿರಿಗೆ ನನ್ನ ನಮಸ್ಕಾರ, ಕೂಸಿಗೆ ಮುತ್ತು. ನಿನ್ನ ಸಂಸಾರ ತಣ್ಣಗಿರಲಿ.

ಇಂತಿ ನಿನ್ನ ಅಪ್ಪ,
ಆದೆಪ್ಪ

ಮರೆತ ಮಾತು: ಮೂವತ್ತೊಂದು ವರ್ಷ ಆಕೆ ನನ್ನನ್ನು "ಏನ್ರಿ" ಎಂದೇ ಕರೆದಳು. ಆಕೆಯ ಬಾಯಲ್ಲಿ ನನ್ನ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ನೀನು ಪಕ್ಕದಲ್ಲೇ ಕುಳಿತಿದ್ದೆಯಲ್ಲ, ಒಡಪು ಹೇಗಿತ್ತು, ಹೆಸರು ಹೇಳುವಾಗ ನಕ್ಕಳೋ, ತಲೆ ತಗ್ಗಿಸಿದಳೋ, ನೆನಪಿದ್ದಷ್ಟು ಬರೆದು ಕಳಿಸು. ಫೋನಿನಲ್ಲಿ ಹೇಳಬೇಡ, ನನ್ನಿಂದ ಕೇಳಲಾಗುವುದಿಲ್ಲ.